ವಿಶ್ವಸಂಸ್ಥೆಯ ಗುರಿ ಮಲಪ್ರಭೆ ದಂಡೆಗೆ ಬರುವುದು ಹೇಗೆ? ನಳ ಎಣಿಸಿದ್ದಾಯಿತು, ನೀರು ಎಣಿಸುವುದು ಯಾವಾಗ?

ಬಾಗಲಕೋಟೆ: ಗ್ರಾಮ ಪಂಚಾಯ್ತಿ ತರಬೇತಿಗಳಲ್ಲಿ, ನವನಗರದ ಸಭೆಗಳಲ್ಲಿ ಈಗೀಗ ಒಂದು ಮಾತು ಪದೇ ಪದೇ ಕೇಳಿಸುತ್ತದೆ. ಎಸ್‌ಡಿಜಿ. ಕನ್ನಡದಲ್ಲಿ ಸುಸ್ಥಿರ ಅಭಿವೃದ್ಧಿ ಗುರಿಗಳು ಅಂತಾರೆ. ಹದಿನೇಳು ಬಣ್ಣದ ಚೌಕಗಳ ಚಿತ್ರವೊಂದನ್ನು ಪರದೆ ಮೇಲೆ ತೋರಿಸುತ್ತಾರೆ, ಕೇಳಿದವರು ತಲೆಯಾಡಿಸಿ ಊಟ ಮಾಡಿ ಊರಿಗೆ ಬರುತ್ತಾರೆ. ಊರಾಗ ಯಾರಾದರೂ ‘ಏನಂತ್ರೀ ಅದು, ನಮಗೇನು ಬರ್ತೈತಿ ಅದರಿಂದ?’ ಅಂತ ಕೇಳಿದರೆ ಉತ್ತರ ಹೇಳುವುದು ಕಷ್ಟ.

ಉತ್ತರ ಇದೆ. ಆದರೆ ಹದಿನೇಳೂ ಗುರಿಗಳನ್ನು ಸಾಲಾಗಿ ಓದಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಇಲ್ಲಿ ಒಂದೇ ವಿಷಯ ಹಿಡಿದು ನೋಡೋಣ: ನೀರು. ಜಾಗವೂ ಒಂದೇ: ಬಾದಾಮಿ ತಾಲ್ಲೂಕಿನ ಶಿವಯೋಗ ಮಂದಿರದಿಂದ ಹುನಗುಂದ ತಾಲ್ಲೂಕಿನ ಕೂಡಲಸಂಗಮದವರೆಗಿನ ಮಲಪ್ರಭೆ.

ಹೊಳೆಯ ವಿಚಾರ ಮೊದಲು

ಮಲಪ್ರಭೆ ಹುಟ್ಟುವುದು ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು, ಅದರ ಹಿಂದೆ 37.73 ಟಿಎಂಸಿ ಹಿಡಿಯುವ ರೇಣುಕಾಸಾಗರ. ಅಲ್ಲಿಂದ ರಾಮದುರ್ಗ ದಾಟಿ ನಮ್ಮ ಜಿಲ್ಲೆಗೆ ಬಂದು, ಚೊಳಚಗುಡ್ಡ, ಶಿವಯೋಗ ಮಂದಿರ, ಪಟ್ಟದಕಲ್ಲು, ಐಹೊಳೆ ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಒಟ್ಟು ಉದ್ದ ಸುಮಾರು 304 ಕಿಲೋಮೀಟರ್. ಹಾನಗಲ್ ಕುಮಾರ ಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರ ಕಟ್ಟುವಾಗ ಈ ದಂಡೆಯನ್ನೇ ಆರಿಸಿಕೊಂಡರು. ವಟುಗಳ ಪಾಠಶಾಲೆ, ಗೋಶಾಲೆ, ವಿಭೂತಿ ತಯಾರಿಕೆ, ಇಷ್ಟಕ್ಕೂ ಬೇಕಾಗುವ ನೀರು ಪಕ್ಕದಲ್ಲೇ ಹರಿಯುತ್ತಿತ್ತು.

ಈಗ ಈ ಹೊಳೆಯನ್ನು ನಂಬುವುದು ಕಷ್ಟ. ಮಳೆ ಕೈಕೊಟ್ಟ ವರ್ಷ ಬ್ಯಾಸಗಿಯಲ್ಲಿ ಅಲ್ಲೊಂದು ಇಲ್ಲೊಂದು ಮಡು ಬಿಟ್ಟರೆ ಹರಿವು ಕಾಣುವುದಿಲ್ಲ. ಅಣೆಕಟ್ಟು ಪೂರ್ತಿ ತುಂಬಿದ ವರ್ಷಗಳೇ ಕಡಿಮೆ. ತುಂಬಿತೋ, ಗೇಟು ತೆಗೆದರು ಅಂದರೆ ಎದೆ ಝಲ್ಲೆನ್ನುತ್ತದೆ. ಮೇಲಿನಿಂದ ಅಣೆಕಟ್ಟಿನ ನೀರು, ಪಕ್ಕದಿಂದ ಬೆಣ್ಣೆಹಳ್ಳದ ನೀರು ಒಟ್ಟಿಗೆ ಬಂದರೆ ದಂಡೆಯ ಊರುಗಳ ಗತಿ ಏನೆಂದು 2009ರಲ್ಲೂ ಕಂಡಿದ್ದೇವೆ, 2019ರ ಆಗಸ್ಟ್‌ನಲ್ಲೂ ಕಂಡಿದ್ದೇವೆ. 2019ರಲ್ಲಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳವೇ ಹೊಳೆಯಾಗಿತ್ತು. ಮನೆ ಪೂರ್ತಿ ಬಿದ್ದವರಿಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿದ್ದು ಆಗಲೇ.

ಅದೇ 2019ರ ಆಗಸ್ಟ್ 15ರಂದು, ಇಲ್ಲಿ ಇನ್ನೂ ಮನೆಯೊಳಗಿನ ಕೆಸರು ಬಳಿಯುತ್ತಿದ್ದಾಗ, ದಿಲ್ಲಿಯ ಕೆಂಪುಕೋಟೆಯಿಂದ ಪ್ರಧಾನಿ ಜಲ ಜೀವನ ಮಿಷನ್ ಘೋಷಿಸಿದರು. ಹಳ್ಳಿಯ ಪ್ರತಿ ಮನೆಗೂ ನಳ. ಕರ್ನಾಟಕದಲ್ಲಿ ಇದಕ್ಕೆ ‘ಮನೆ ಮನೆಗೆ ಗಂಗೆ’ ಎಂಬ ಹೆಸರೂ ಬಂತು. ವಿಶ್ವಸಂಸ್ಥೆಯ ಗುರಿ ನಮ್ಮ ಓಣಿಗೆ ಕಾಲಿಟ್ಟಿದ್ದು ಹೆಚ್ಚಾಗಿ ಈ ದಾರಿಯಲ್ಲೇ.

ನ್ಯೂಯಾರ್ಕಿನಿಂದ ಓಣಿಗೆ

2015ರ ಸೆಪ್ಟೆಂಬರ್ 25ರಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ 193 ದೇಶಗಳು ಒಂದು ಒಪ್ಪಂದಕ್ಕೆ ತಲೆಯಾಡಿಸಿದವು. 2030ರೊಳಗೆ ಮುಟ್ಟಬೇಕಾದ 17 ಗುರಿ, ಅವುಗಳ ಕೆಳಗೆ 169 ಉಪಗುರಿ. ಬಡತನ, ಹಸಿವು, ಆರೋಗ್ಯ, ಶಿಕ್ಷಣ, ಹೆಣ್ಣುಮಕ್ಕಳ ಸಮಾನತೆ, ಆರನೆಯದು ನೀರು ಮತ್ತು ನೈರ್ಮಲ್ಯ, ಹೀಗೆ ಸಾಗುತ್ತದೆ. ಸಹಿ ಮಾಡಿದ ದೇಶವನ್ನು ಯಾರೂ ಕೋರ್ಟಿಗೆ ಎಳೆಯುವುದಿಲ್ಲ, ದಂಡವೂ ಇಲ್ಲ. ಪ್ರತಿ ದೇಶ ತನ್ನ ಯೋಜನೆಯನ್ನು ಈ ಗುರಿಗಳಿಗೆ ಹೊಂದಿಸಿಕೊಂಡು, ಆಗಾಗ ಎಲ್ಲರ ಮುಂದೆ ತನ್ನ ಲೆಕ್ಕ ಒಪ್ಪಿಸಬೇಕು, ಅಷ್ಟೇ. ಭಾರತ 2017, 2020 ಮತ್ತು 2025ರಲ್ಲಿ ಹೀಗೆ ಲೆಕ್ಕ ಒಪ್ಪಿಸಿದೆ.

ನಮ್ಮ ದೇಶದಲ್ಲಿ ಆ ಹೊತ್ತಿಗೆ ಯೋಜನೆ ಮಾಡುವ ಮನೆಯೇ ಬದಲಾಗಿತ್ತು. 1950ರಿಂದ ಇದ್ದ ಯೋಜನಾ ಆಯೋಗ ಹೋಗಿ 2015ರ ಜನವರಿ 1ರಿಂದ ನೀತಿ ಆಯೋಗ ಬಂತು. ಹನ್ನೆರಡನೇ ಪಂಚವಾರ್ಷಿಕ ಯೋಜನೆ 2017ರ ಮಾರ್ಚ್‌ಗೆ ಮುಗಿಯಿತು, ಹದಿಮೂರನೆಯದು ಬರಲಿಲ್ಲ. ನೀತಿ ಆಯೋಗದ ಬಳಿ ಹಂಚಲು ಹಳೆಯ ಆಯೋಗದಂತೆ ಹಣವಿಲ್ಲ. ಅದರ ಕೈಯಲ್ಲಿರುವುದು ಅಂಕಪಟ್ಟಿ. ಯಾವ ಗುರಿ ಯಾವ ಸಚಿವಾಲಯದ್ದು, ಯಾವ ಯೋಜನೆ ಯಾವ ಉಪಗುರಿಗೆ ಸೇರುತ್ತದೆ ಎಂದು ಪಟ್ಟಿ ಮಾಡಿ, 2018ರಿಂದ ರಾಜ್ಯಗಳಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡಲು ಶುರು ಮಾಡಿತು. ಕೇಂದ್ರದ ಅಂಕಿಅಂಶ ಸಚಿವಾಲಯ ಅದೇ ವರ್ಷ 306 ಸೂಚಕಗಳ ರಾಷ್ಟ್ರೀಯ ಪಟ್ಟಿಯೊಂದನ್ನು ಹೊರತಂದಿತು.

ಅಂಕ ಏರುತ್ತಲೇ ಬಂದಿದೆ. ದೇಶಕ್ಕೆ 2018ರಲ್ಲಿ 57 ಇದ್ದದ್ದು 2023-24ರ ವರದಿಯಲ್ಲಿ 71. ಕರ್ನಾಟಕಕ್ಕೆ ಅದೇ ವರದಿಯಲ್ಲಿ 75, ಮೊದಲ ಸ್ಥಾನದ ಕೇರಳ ಮತ್ತು ಉತ್ತರಾಖಂಡಕ್ಕೆ 79. ಒಳ್ಳೆಯ ಸುದ್ದಿಯೇ. ಆದರೆ ಇದು ಇಡೀ ರಾಜ್ಯದ ಸರಾಸರಿ. ಬೆಂಗಳೂರು, ಮಂಗಳೂರು, ಬಾದಾಮಿ, ಇಳಕಲ್ ಎಲ್ಲ ಒಂದೇ ಪಾತ್ರೆಯಲ್ಲಿ ಕಲಸಿ ಬಂದ ಅಂಕ. ಕ್ಲಾಸಿನ ಸರಾಸರಿ 75 ಅಂದರೆ ಹಿಂದಿನ ಬೆಂಚಿನ ಹುಡುಗ ಪಾಸಾದನೋ ಇಲ್ಲವೋ ಗೊತ್ತಾಗುವುದಿಲ್ಲ. ಈಶಾನ್ಯ ರಾಜ್ಯಗಳಿಗೆ 2021ರಲ್ಲೇ ನೀತಿ ಆಯೋಗ ಜಿಲ್ಲಾವಾರು ಸೂಚ್ಯಂಕ ತಂದಿತು. ಕಲ್ಯಾಣ ಕರ್ನಾಟಕ, ಕಿತ್ತೂರು ಕರ್ನಾಟಕದ ಒಳಗಿನ ಅಂತರ ಕಾಣಬೇಕಾದರೂ ಅಂಥದ್ದೇ ಲೆಕ್ಕ ಬೇಕು.

ಹಳ್ಳಿಯ ಮಟ್ಟಕ್ಕೆ ಬಂದರೆ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಹದಿನೇಳು ಗುರಿಗಳನ್ನು ಒಂಬತ್ತು ವಿಷಯಗಳಾಗಿ ಕಟ್ಟಿದೆ. ಬಡತನಮುಕ್ತ ಗ್ರಾಮ, ಆರೋಗ್ಯವಂತ ಗ್ರಾಮ, ಮಕ್ಕಳಸ್ನೇಹಿ ಗ್ರಾಮ, ನೀರಿನ ಕೊರತೆಯಿಲ್ಲದ ಗ್ರಾಮ, ಸ್ವಚ್ಛ ಹಸಿರು ಗ್ರಾಮ ಇತ್ಯಾದಿ. ಪಂಚಾಯ್ತಿ ತನ್ನ ವಾರ್ಷಿಕ ಯೋಜನೆಯನ್ನು, ಅಂದರೆ ನಮ್ಮಲ್ಲಿ ‘ನಮ್ಮ ಗ್ರಾಮ ನಮ್ಮ ಯೋಜನೆ’ ಎನ್ನುವುದನ್ನು, ಇವುಗಳಲ್ಲಿ ಕೆಲವನ್ನು ಸಂಕಲ್ಪವಾಗಿ ತೆಗೆದುಕೊಂಡು ಮಾಡಬೇಕು. 2025ರ ಏಪ್ರಿಲ್‌ನಲ್ಲಿ ಪಂಚಾಯ್ತಿಗಳಿಗೂ ಅಂಕ ಬಂತು. 2022-23ರ ಮಾಹಿತಿ ಇಟ್ಟುಕೊಂಡು 2.16 ಲಕ್ಷ ಗ್ರಾಮ ಪಂಚಾಯ್ತಿಗಳನ್ನು ಅಳೆದರು. 90ಕ್ಕಿಂತ ಹೆಚ್ಚು ಪಡೆದ ಪಂಚಾಯ್ತಿ ಇಡೀ ದೇಶದಲ್ಲಿ ಒಂದೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಪಂಚಾಯ್ತಿಗಳು 40ರಿಂದ 60ರ ನಡುವೆ ಇವೆ. ಈ ಅಂಕಕ್ಕೆ ಬೇಕಾದ ಮಾಹಿತಿ ತುಂಬುವವರು ಯಾರು ಅಂದರೆ, ಹಲವು ಇಲಾಖೆಗಳ ಸಿಬ್ಬಂದಿ ಮತ್ತು ಕೊನೆಗೆ ಅದೇ ಪಿಡಿಒ, ಅದೇ ಡಾಟಾ ಎಂಟ್ರಿ ಆಪರೇಟರ್. ತೆರಿಗೆ ವಸೂಲಿ, ಇ-ಸ್ವತ್ತು, ಜಾಬ್ ಕಾರ್ಡ್ ನಡುವೆ ಇದೂ ಒಂದು ಕಾಲಂ.

ಹಳೇ ಲೆಕ್ಕದಲ್ಲಿ ಆದ ಎಡವಟ್ಟು

ಅಂಕ ಯಾವುದನ್ನು ಎಣಿಸುತ್ತದೆ ಎನ್ನುವುದು ಇಲ್ಲಿ ದೊಡ್ಡ ಪ್ರಶ್ನೆ. ಇದು ಪಂಡಿತರ ತಕರಾರು ಅನ್ನಿಸಬಹುದು, ಆದರೆ ನೀರಿನ ವಿಷಯದಲ್ಲಿ ಒಮ್ಮೆ ಇಡೀ ಜಗತ್ತೇ ಇದರಲ್ಲಿ ಎಡವಿದೆ.

2000ರಿಂದ 2015ರವರೆಗೆ ವಿಶ್ವಸಂಸ್ಥೆಯ ಇನ್ನೊಂದು ಪಟ್ಟಿ ಇತ್ತು, ಎಂಟು ಗುರಿಗಳದ್ದು. ಅದರಲ್ಲಿ ಕುಡಿಯುವ ನೀರಿನ ಗುರಿಯನ್ನು ಅವಧಿಗೆ ಮೊದಲೇ, 2010ರಲ್ಲೇ ಮುಟ್ಟಿದ್ದೇವೆ ಎಂದು 2012ರಲ್ಲಿ ಘೋಷಣೆಯೂ ಆಯಿತು. ಹೇಗೆ? ‘ಸುಧಾರಿತ ಮೂಲ’ ಇದ್ದರೆ ಸಾಕು ಅಂತ ಲೆಕ್ಕ. ನಳ, ಬೋರ್‌ವೆಲ್, ಕಟ್ಟೆ ಕಟ್ಟಿದ ಬಾವಿ ಎಲ್ಲವೂ ಸುಧಾರಿತ ಮೂಲವೇ. ಅದರೊಳಗಿನ ನೀರು ಕುಡಿಯಲು ಯೋಗ್ಯವೇ ಎಂದು ಆ ಲೆಕ್ಕ ಕೇಳಲಿಲ್ಲ. ಹುನಗುಂದ, ಇಳಕಲ್ ಕಡೆಯ ಗ್ರಾನೈಟ್ ನೆಲದಲ್ಲಿ ಬೋರ್ ನೀರಿನ ಫ್ಲೋರೈಡ್ ಏನು ಮಾಡುತ್ತದೆ ಎಂಬುದು ಅಲ್ಲಿಯವರಿಗೆ ಗೊತ್ತು. ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ವರ್ಷಗಟ್ಟಲೆ ಕುಡಿದರೆ ಎಲುಬು, ಕೀಲುಗಳಿಗೂ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಥ ಬೋರ್ ಕೂಡ ಹಳೆಯ ಲೆಕ್ಕದಲ್ಲಿ ಯಶಸ್ಸು.

ಆ ತಪ್ಪಿನಿಂದ ಪಾಠ ಕಲಿತು ಹೊಸ ಗುರಿಯಲ್ಲಿ ಮೂರು ಷರತ್ತು ಹಾಕಿದರು. ನೀರು ಮನೆಯ ಆವರಣದಲ್ಲೇ ಸಿಗಬೇಕು. ಬೇಕಾದಾಗ ಸಿಗಬೇಕು. ಮಲಿನವಾಗಿರಬಾರದು, ಫ್ಲೋರೈಡ್‌ನಂಥ ರಾಸಾಯನಿಕವೂ ಮಿತಿ ಮೀರಿರಬಾರದು. ಮೂರೂ ಕೂಡಿದರೆ ಮಾತ್ರ ‘ಸುರಕ್ಷಿತವಾಗಿ ನಿರ್ವಹಿಸಿದ ನೀರು’.

ನಮ್ಮ ಜಲ ಜೀವನ ಮಿಷನ್ ನಿಯಮದಲ್ಲೂ ಇವು ಮೂರೂ ಇವೆ. ದಿನಕ್ಕೆ ತಲೆಗೆ 55 ಲೀಟರ್, ಗುಣಮಟ್ಟದ ನೀರು, ನಿಯಮಿತವಾಗಿ, ಮನೆಯ ನಳದಲ್ಲಿ. ಕಾಗದದ ಮೇಲೆ ದೇಶದ ಯೋಜನೆ ಜಗತ್ತಿನ ಗುರಿಗೆ ಚೆನ್ನಾಗಿಯೇ ಹೊಂದಿಕೊಂಡಿದೆ, ಇದನ್ನು ಒಪ್ಪಬೇಕು. ತೊಡಕು ಬರುವುದು ದಿನನಿತ್ಯ ಪತ್ರಿಕೆಯಲ್ಲಿ, ಭಾಷಣದಲ್ಲಿ, ಬ್ಯಾನರಿನಲ್ಲಿ ಬರುವ ಸಂಖ್ಯೆಯಲ್ಲಿ. ಅದು ಎಷ್ಟು ಮನೆಗೆ ನಳ ಹಾಕಿದ್ದೇವೆ ಎಂಬ ಸಂಖ್ಯೆ. 2019ರಲ್ಲಿ ದೇಶದ ಹಳ್ಳಿಗಳ 3.23 ಕೋಟಿ ಮನೆಗಳಿಗೆ, ಅಂದರೆ ನೂರಕ್ಕೆ 17 ಮನೆಗಳಿಗೆ ನಳ ಇತ್ತು. ಈಗ 15 ಕೋಟಿ ದಾಟಿದೆ. ಕರ್ನಾಟಕದಲ್ಲಿ ಆಗ ನಾಲ್ಕು ಮನೆಗೆ ಒಂದು ನಳ ಇದ್ದ ಲೆಕ್ಕ, ಅಲ್ಲಿಂದ ಬಹಳ ಮುಂದೆ ಬಂದಿದ್ದೇವೆ. ಸಣ್ಣ ಕೆಲಸವಲ್ಲ. ಆದರೆ ನಳ ಎನ್ನುವುದು ಮೂರು ಷರತ್ತಿನಲ್ಲಿ ಮೊದಲನೆಯದು ಮಾತ್ರ.

55 ಲೀಟರ್ ಅಂದ್ರ ಎಷ್ಟು ಕೊಡ?

ಐದು ಮಂದಿಯ ಮನೆ ಅನ್ನೋಣ. ದಿನಕ್ಕೆ 275 ಲೀಟರ್. ಒಂದು ಕೊಡಕ್ಕೆ 15 ಲೀಟರ್ ಹಿಡಿದರೆ ಹದಿನೆಂಟು ಕೊಡಕ್ಕಿಂತ ಸ್ವಲ್ಪ ಹೆಚ್ಚು. ನೀರು ದಿನಾ ಬಂದರೆ ತೊಂದರೆ ಇಲ್ಲ. ನಾಲ್ಕು ದಿನಕ್ಕೊಮ್ಮೆ ಬಂದರೆ? ಒಂದೇ ಸಲಕ್ಕೆ 1,100 ಲೀಟರ್ ಹಿಡಿದಿಡಬೇಕು, ಅಂದರೆ 200 ಲೀಟರಿನ ಬ್ಯಾರೆಲ್ ಐದೂವರೆ. ಮನೆ ಮೇಲೆ ಸಿಂಟೆಕ್ಸ್ ಇದ್ದವರಿಗೆ ಆದೀತು. ಎರಡು ಕೋಣೆಯ ಮನೆಯಲ್ಲಿ ಐದು ಬ್ಯಾರೆಲ್ ಇಡುವುದು ಎಲ್ಲಿ? ಹಾಗಾಗಿ ಅವರ ಪಾಲಿಗೆ 55 ಲೀಟರ್ ಎನ್ನುವುದು ಕಾಗದದಲ್ಲೇ ಉಳಿಯುತ್ತದೆ. ನೀರು ಬಿಡುವ ಹೊತ್ತಿಗೆ ಹೆಣ್ಣುಮಗಳು ಕೂಲಿಗೆ ಹೋಗಿದ್ದರೆ ಅಷ್ಟೂ ಇಲ್ಲ. ಐದನೇ ಗುರಿಯಾದ ಮಹಿಳಾ ಸಮಾನತೆ ಆರನೇ ಗುರಿಯಾದ ನೀರಿನ ಜೊತೆ ಸೇರುವುದು ಇಂಥ ಕಡೆ.

ಊರಿನ ಲೆಕ್ಕ ನೋಡಿ. ಮೂರು ಸಾವಿರ ಜನರ ಊರಿಗೆ ದಿನಕ್ಕೆ 1.65 ಲಕ್ಷ ಲೀಟರ್ ಬೇಕು. 50 ಸಾವಿರ ಲೀಟರಿನ ಒಂದು ಓವರ್‌ಹೆಡ್ ಟ್ಯಾಂಕ್ ಇದ್ದರೆ ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ತುಂಬಿಸಬೇಕು. ಅದಕ್ಕೆ ಬೋರಿನಲ್ಲಿ ಅಷ್ಟು ನೀರಿರಬೇಕು, ಕರೆಂಟು ಇರಬೇಕು, ಮೋಟಾರು ಸುಟ್ಟರೆ ರಿಪೇರಿಗೆ ದುಡ್ಡಿರಬೇಕು, ವಾಟರ್‌ಮ್ಯಾನ್‌ಗೆ ಸಂಬಳ ಆಗಿರಬೇಕು. ನದಿಯಿಂದ ತರುವ ಬಹುಗ್ರಾಮ ಯೋಜನೆಯಾದರೆ ಹೊಳೆಯಲ್ಲಿ ನೀರಿರಬೇಕು. ಮಾತು ಮತ್ತೆ ಮಲಪ್ರಭೆಗೇ ಬರುತ್ತದೆ.

ಪಂಚಾಯ್ತಿ ಹತ್ತಿರ ದುಡ್ಡು ಎಷ್ಟು? 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ನೂರು ರೂಪಾಯಿ ಬಂದರೆ 60 ರೂಪಾಯಿಗೆ ಮೊದಲೇ ಗಂಟು ಹಾಕಿತ್ತು. 30 ಕುಡಿಯುವ ನೀರಿಗೆ, 30 ನೈರ್ಮಲ್ಯಕ್ಕೆ. ಉಳಿದ 40 ಊರಿನವರು ತೀರ್ಮಾನಿಸಿದ ಕೆಲಸಕ್ಕೆ, ಆದರೆ ಸಂಬಳಕ್ಕೆ ಬಳಸುವಂತಿರಲಿಲ್ಲ. ವಿಶ್ವಸಂಸ್ಥೆಯ ಆರನೇ ಗುರಿಗೆ ದೇಶದ ಹಣ ನೇರವಾಗಿ ಜೋಡಣೆಯಾದ ಜಾಗ ಇದು. ಗಂಟು ಹಾಕಿದ್ದು ತಪ್ಪು ಅನ್ನುವವರೂ ಇದ್ದಾರೆ. ನೀರಿನ ತೊಂದರೆಯೇ ಇಲ್ಲದ ಊರಿಗೂ ಅದೇ ಲೆಕ್ಕ, ಊರಿಗೆ ಅಂಗನವಾಡಿ ಕಟ್ಟಡ ಬೇಕಿದ್ದರೂ ಅದೇ ಲೆಕ್ಕ. ನಮ್ಮ ಕಡೆ ನೀರಿಗೆ ಕಟ್ಟಿಟ್ಟ ದುಡ್ಡು ವ್ಯರ್ಥ ಅನ್ನುವಂತಿಲ್ಲ ಬಿಡಿ. ಆದರೆ ಪೈಪು ಹಾಕಲು ಸಿಗುವಷ್ಟು ಸುಲಭವಾಗಿ ಪೈಪಿನೊಳಗೆ ನೀರು ಬರುವಂತೆ ಮಾಡಲು ದುಡ್ಡು ಸಿಗುವುದಿಲ್ಲ.

ಗುರಿಗೆ ಗುರಿಯೇ ಅಡ್ಡ

ತರಬೇತಿಯಲ್ಲಿ ಹೇಳದ ಒಂದು ಮಾತಿದೆ. ಹದಿನೇಳು ಗುರಿಗಳು ಯಾವಾಗಲೂ ಒಂದಕ್ಕೊಂದು ಹೊಂದಿಕೊಂಡು ಹೋಗುವುದಿಲ್ಲ. ಮಲಪ್ರಭೆ ದಂಡೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ.

ಕಳಸಾ-ಬಂಡೂರಿ ತೆಗೆದುಕೊಳ್ಳಿ. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕು ಎಂದು ನರಗುಂದ, ನವಲಗುಂದದಲ್ಲಿ 2015ರಲ್ಲಿ ಶುರುವಾದ ಹೋರಾಟ ನಮ್ಮ ಬಾದಾಮಿಗೂ ಮುಟ್ಟಿತ್ತು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ತೀರ್ಪು ಕೊಟ್ಟು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಹಂಚಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ. 2020ರ ಫೆಬ್ರುವರಿಯಲ್ಲಿ ಗೆಜೆಟ್ ಅಧಿಸೂಚನೆಯೂ ಬಂತು. ಆಮೇಲೆ ಸಿಕ್ಕಿಬಿದ್ದದ್ದು ಅರಣ್ಯ ಮತ್ತು ವನ್ಯಜೀವಿ ಅನುಮತಿಯಲ್ಲಿ, ಗೋವಾದ ತಕರಾರಿನಲ್ಲಿ. ಇಲ್ಲಿನವರು ಹೇಳುವುದು ಆರನೇ ಗುರಿ, ಕುಡಿಯುವ ನೀರು. ಅಲ್ಲಿನವರು ಹೇಳುವುದು ಹದಿನೈದನೇ ಗುರಿ, ಪಶ್ಚಿಮ ಘಟ್ಟದ ಕಾಡು ಮತ್ತು ಜೀವಸಂಕುಲ. ಎರಡೂ ಅದೇ ಪಟ್ಟಿಯಲ್ಲಿವೆ, ಯಾವುದು ಮೊದಲು ಅಂತ ಪಟ್ಟಿ ಹೇಳುವುದಿಲ್ಲ. ಅದನ್ನು ತೀರ್ಮಾನಿಸಬೇಕಾದದ್ದು ರಾಜಕಾರಣ.

ಹೊರಗಿನ ನೀರು ಬರಲಿ ಎಂದು ಕಾಯುವಾಗ ಇರುವ ನೀರಿನ ಲೆಕ್ಕವನ್ನೂ ಮಾಡಬೇಕಾಗುತ್ತದೆ. ಬಾದಾಮಿ, ಹುನಗುಂದದ ಕಡೆ ವರ್ಷದ ಮಳೆ ಸಾಮಾನ್ಯವಾಗಿ 500ರಿಂದ 650 ಮಿಲಿಮೀಟರ್. ಕಬ್ಬಿಗೆ ಬೇಕಾಗುವುದು ಮಳೆಯೂ ಸೇರಿ ಕಡಿಮೆ ಅಂದರೂ 1,500 ಮಿಲಿಮೀಟರ್ ನೀರು. ಒಂದು ಎಕರೆಗೆ ಲೆಕ್ಕ ಹಾಕಿದರೆ 60 ಲಕ್ಷ ಲೀಟರ್ ದಾಟುತ್ತದೆ. ಮೇಲೆ ಹೇಳಿದ ಮೂರು ಸಾವಿರ ಜನರ ಊರಿಗೆ 36 ದಿನಕ್ಕೆ ಸಾಲುವಷ್ಟು ನೀರು ಅದು, ಒಂದೇ ಎಕರೆಗೆ. ಹಾಗಂತ ರೈತನ ಮೇಲೆ ಬೆರಳು ತೋರಿಸುವುದು ಸುಲಭದ ಮಾತು. ಕಬ್ಬಿಗೆ ಕೇಂದ್ರ ನಿಗದಿ ಮಾಡಿದ ದರ ಇದೆ, ಬಂದು ಕಡಿದು ಒಯ್ಯುವ ಕಾರ್ಖಾನೆ ಇದೆ. ಬಿಳಿಜೋಳಕ್ಕೆ, ಕಡಲೆಗೆ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಗೊತ್ತಿಲ್ಲ. ಕಡಿಮೆ ನೀರಿನ ಬೆಳೆ ಬೆಳೆಯಿರಿ ಎಂದು ಒಂದು ಇಲಾಖೆ ಹೇಳುವಾಗ ಹೆಚ್ಚು ನೀರಿನ ಬೆಳೆಗೆ ಇನ್ನೊಂದು ಇಲಾಖೆ ದಾರಿ ಮಾಡಿಕೊಟ್ಟರೆ, ದೇಶದ ಯೋಜನೆ ಜಗತ್ತಿನ ಗುರಿಗೆ ಹೊಂದುವ ಮಾತು ಹಾಗಿರಲಿ, ತನ್ನೊಳಗೇ ಹೊಂದಿಕೊಂಡಿಲ್ಲ ಎಂದಾಯಿತು.

ಈ ಲೆಕ್ಕವನ್ನು ಊರಿನವರೇ ಮಾಡಲಿ ಎಂದು ಬಂದದ್ದು ಅಟಲ್ ಭೂಜಲ ಯೋಜನೆ. ರಾಜ್ಯದ 14 ಜಿಲ್ಲೆಗಳ 41 ತಾಲ್ಲೂಕುಗಳಲ್ಲಿ ನಡೆದ ಈ ಯೋಜನೆಯಲ್ಲಿ ಬಾಗಲಕೋಟೆ ಜಿಲ್ಲೆಯೂ ಇತ್ತು. ಪಂಚಾಯ್ತಿ ತನ್ನ ‘ನೀರಿನ ಬಜೆಟ್’ ಮಾಡಬೇಕು: ಮಳೆಯಿಂದ ಬಂದದ್ದೆಷ್ಟು, ಬೆಳೆಗೆ, ಮನೆಗೆ, ದನಕರುಗಳಿಗೆ ಹೋದದ್ದೆಷ್ಟು. ಮನೆಯ ಖರ್ಚು-ವೆಚ್ಚ ಬರೆದಿಡುವ ಹಾಗೆ. ಯೋಚನೆ ಸರಳ, ಕೆಲಸ ಕಷ್ಟ, ಯಾಕೆಂದರೆ ಖರ್ಚು ಹೆಚ್ಚಾಗಿದೆ ಅಂತ ಗೊತ್ತಾದ ಮೇಲೆ ಯಾರ ಖರ್ಚು ಕಡಿಮೆ ಮಾಡಬೇಕು ಎಂಬ ಪ್ರಶ್ನೆ ಬರುತ್ತದೆ. ಬೋರ್ ಇದ್ದವನಿಗೂ ಇಲ್ಲದವನಿಗೂ ಅಲ್ಲಿ ಜಗಳ.

ಇನ್ನೊಂದು ಅಡ್ಡಗಾಲು ಐಹೊಳೆ, ಪಟ್ಟದಕಲ್ಲಿನದು. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆ ತಾಣ. ಹನ್ನೊಂದನೇ ಗುರಿಯ ಒಂದು ಉಪಗುರಿ ಪರಂಪರೆ ಉಳಿಸಿ ಅನ್ನುತ್ತದೆ, ಅದೇ ಗುರಿಯ ಮೊದಲ ಉಪಗುರಿ ಎಲ್ಲರಿಗೂ ಯೋಗ್ಯ ಮನೆ ಕೊಡಿ ಅನ್ನುತ್ತದೆ. ಗುಡಿಗಳ ನಡುವೆ ಮನೆ ಮಾಡಿಕೊಂಡಿರುವ ಐಹೊಳೆಯ ಜನರ ಸ್ಥಳಾಂತರದ ಮಾತು ಎಷ್ಟೋ ವರ್ಷದಿಂದ ಇದೆ. ಮನೆ ರಿಪೇರಿ ಮಾಡಲು ಪುರಾತತ್ವ ಇಲಾಖೆಯ ನಿಯಮ ಅಡ್ಡ, ಬೇರೆ ಕಡೆ ಹೋಗಲು ಜಾಗ, ಹಣ ಸಿದ್ಧವಿಲ್ಲ. 2009ರ ನೆರೆಯ ನಂತರ ಕಟ್ಟಿದ ‘ಆಸರೆ’ ಮನೆಗಳ ಅನುಭವವೂ ಇದೇ ಪಾಠ ಹೇಳುತ್ತದೆ. ಮನೆ ಕಟ್ಟಿದರೂ ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ನೀರಿಲ್ಲ ಅಂತ ಜನ ಹಳೆಯ ಊರಿಗೇ ಮರಳಿದ ಕಡೆಗಳಿವೆ. 2019ರಲ್ಲಿ ಅವರ ಮನೆಗೆ ಮತ್ತೆ ನೀರು ನುಗ್ಗಿತು. ಎಷ್ಟು ಮನೆ ಕಟ್ಟಿದೆವು ಎಂಬ ಅಂಕದಲ್ಲಿ ಅದು ಯಶಸ್ಸು. ನೆರೆಗೆ ಸಿಕ್ಕುವ ಜನರ ಸಂಖ್ಯೆ ಕಡಿಮೆ ಮಾಡಬೇಕು ಎನ್ನುವ ಉಪಗುರಿಯಲ್ಲಿ ಅದು ಸೊನ್ನೆ.

ಹೊಳೆಯ ಪಾತ್ರ ಕಿರಿದಾಗಿದೆ, ಒತ್ತುವರಿಯಾಗಿದೆ, ಹೂಳು ಮತ್ತು ಗಿಡಗಂಟಿ ತುಂಬಿದೆ ಎಂಬ ದೂರು ಪ್ರತಿ ನೆರೆಯ ನಂತರವೂ ಏಳುತ್ತದೆ, ನೀರು ಇಳಿದ ಮೇಲೆ ತಣ್ಣಗಾಗುತ್ತದೆ. ಅಂದಹಾಗೆ, ನದಿ, ಕೆರೆ, ಜಲಮೂಲಗಳನ್ನು ಕಾಪಾಡಿ ಎನ್ನುವ 6.6ನೇ ಉಪಗುರಿಗೆ ಕೊಟ್ಟ ಗಡುವು 2030 ಅಲ್ಲ, 2020. ಅದು ಕಳೆದುಹೋಗಿದೆ.

ನಡುವಿನ ಕೊಂಡಿ ಎಲ್ಲಿ?

ಒಂದು ಊರಿನ ಪಂಚಾಯ್ತಿ ಹೊಳೆಯನ್ನು ಸರಿಮಾಡಲಾರದು. ಶಿವಯೋಗ ಮಂದಿರದ ಹತ್ತಿರದ ಊರು ಒತ್ತುವರಿ ತೆಗೆದರೂ ಮೇಲಿನ ಊರು, ಕೆಳಗಿನ ಊರು ತೆಗೆಯಬೇಕಲ್ಲ. ಹತ್ತಾರು ಪಂಚಾಯ್ತಿಗಳ ಯೋಜನೆ, ಬಾದಾಮಿ, ಇಳಕಲ್ಲಿನಂಥ ಪಟ್ಟಣಗಳ ಯೋಜನೆ ಎಲ್ಲ ಸೇರಿಸಿ ಜಿಲ್ಲೆಯ ಒಂದು ಯೋಜನೆ ಮಾಡಲು ಸಂವಿಧಾನದಲ್ಲೇ ವ್ಯವಸ್ಥೆ ಇದೆ. 243-ಝಡ್‌ಡಿ ವಿಧಿಯ ಜಿಲ್ಲಾ ಯೋಜನಾ ಸಮಿತಿ. ಹಳ್ಳಿ ಮತ್ತು ಪಟ್ಟಣದ ನಡುವೆ ನೀರು ಹಂಚಿಕೊಳ್ಳುವುದು, ಪರಿಸರ ಕಾಪಾಡುವುದು ಅದರ ಕೆಲಸ ಎಂದು ವಿಧಿಯಲ್ಲೇ ಬರೆದಿದೆ. ವಿಶ್ವಸಂಸ್ಥೆ ಸುಸ್ಥಿರ ಗುರಿ ಬರೆಯುವುದಕ್ಕೆ ಇಪ್ಪತ್ತು ವರ್ಷಕ್ಕೂ ಮೊದಲೇ, 1993ರಲ್ಲಿ ಇದು ಜಾರಿಗೆ ಬಂದಿತ್ತು.

ಈ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯ್ತಿ ಮತ್ತು ಪುರಸಭೆ, ನಗರಸಭೆಗಳ ಚುನಾಯಿತ ಸದಸ್ಯರಿಂದ, ಅವರೊಳಗಿಂದಲೇ ಬರಬೇಕು. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳ ಚುನಾವಣೆ 2016ರಲ್ಲಿ ನಡೆಯಿತು. ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಪುನರ್‌ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದಿವೆ. ಜಿಲ್ಲಾ ಪಂಚಾಯ್ತಿಗೆ ಸದಸ್ಯರೇ ಇಲ್ಲದಾಗ ಸಮಿತಿಯಲ್ಲಿ ಹಳ್ಳಿಗಳ ಪರ ಕೂರುವವರು ಯಾರು? 1987ರಲ್ಲಿ ದೇಶಕ್ಕೆ ಮಾದರಿಯಾಗುವಂತೆ ಜಿಲ್ಲಾ ಪರಿಷತ್ ಚುನಾವಣೆ ನಡೆಸಿದ, ‘ನೀರ್ ಸಾಬ್’ ಎಂದು ಮನೆಮಾತಾದ ಅಬ್ದುಲ್ ನಜೀರ್‌ಸಾಬ್ ಅವರ ರಾಜ್ಯ ಇದು. ಜಾಗತಿಕ ಗುರಿ, ರಾಷ್ಟ್ರೀಯ ಯೋಜನೆ, ರಾಜ್ಯದ ಅಂಕ, ಪಂಚಾಯ್ತಿಯ ಸಂಕಲ್ಪ ಎಲ್ಲ ಇದ್ದೂ ನಡುವಿನ ಜಿಲ್ಲೆಯ ಮೆಟ್ಟಿಲು ಹೀಗಿದೆ.

ಗ್ರಾಮಸಭೆಯ ಕೈಯಲ್ಲಿರುವ ಒಂದು ಠರಾವು

ಹಾಗಾದರೆ ಊರಿನವರ ಕೈಯಲ್ಲಿ ಏನೂ ಇಲ್ಲವೇ? ಒಂದಿದೆ, ಹೆಚ್ಚು ಜನರಿಗೆ ಗೊತ್ತಿಲ್ಲ.

ಜಲ ಜೀವನ ಮಿಷನ್‌ನಲ್ಲಿ ಒಂದು ಊರು ‘ಹರ್ ಘರ್ ಜಲ್’ ಆಗುವುದು ಎರಡು ಹಂತದಲ್ಲಿ. ಮೊದಲು ಇಲಾಖೆ ಎಲ್ಲ ಮನೆಗೂ ನಳ ಆಗಿದೆ ಎಂದು ವರದಿ ಮಾಡುತ್ತದೆ. ಆಮೇಲೆ ಗ್ರಾಮಸಭೆ ಸೇರಿ, ಕೆಲಸದ ವರದಿಯನ್ನು ಎಲ್ಲರೆದುರು ಓದಿ, ಎಲ್ಲ ಮನೆ, ಶಾಲೆ, ಅಂಗನವಾಡಿಗೆ ನೀರು ಬರುತ್ತಿದೆ ಎಂದು ಠರಾವು ಮಾಡಿದ ಮೇಲೆಯೇ ಊರು ‘ಪ್ರಮಾಣೀಕೃತ’. ವರದಿಯಾದ ಊರು ಬೇರೆ, ಪ್ರಮಾಣೀಕೃತ ಊರು ಬೇರೆ. ಮಿಷನ್‌ನ ವೆಬ್‌ಸೈಟಿನಲ್ಲಿ ಎರಡನ್ನೂ ಬೇರೆ ಬೇರೆ ತೋರಿಸುತ್ತಾರೆ, ತಮ್ಮೂರಿನದು ಯಾವುದು ಎಂದು ಮೊಬೈಲಿನಲ್ಲೇ ನೋಡಬಹುದು.

ಈ ಠರಾವು ಕೆಲವೊಮ್ಮೆ ನಡಾವಳಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಮುಗಿಯುವ ಶಾಸ್ತ್ರ. ಆದರೆ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದರೆ, ಮೇಲಿನ ಓಣಿಗೆ ಏರದಿದ್ದರೆ, ‘ನಳ ಐತಿ, ನೀರಿಲ್ಲ’ ಎಂದೇ ಇದ್ದರೆ, ಅದನ್ನೇ ನಡಾವಳಿಯಲ್ಲಿ ಬರೆಸುವ ಹಕ್ಕು ಗ್ರಾಮಸಭೆಗೆ ಇದೆ. ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು, ಯಾವ ವಾರ್ಡಿಗೆ ಬರುವುದಿಲ್ಲ ಎಂದು ಬರೆಸಿದರೆ ಅದು ದೂರಿಗಿಂತ ಹೆಚ್ಚು ತೂಕದ ಕಾಗದ. ನೀರಿನ ನಿರ್ವಹಣೆಯಲ್ಲಿ ಸ್ಥಳೀಯ ಜನರ ಪಾಲ್ಗೊಳ್ಳುವಿಕೆ ಎಂಬುದು ಆರನೇ ಗುರಿಯಲ್ಲಿ 6-ಬಿ ಎಂಬ ಉಪಗುರಿಯಾಗಿ ಇರುವಂಥದ್ದೇ.

ಗುಣಮಟ್ಟಕ್ಕೂ ದಾರಿ ಇದೆ. ಪ್ರತಿ ಊರಿನಲ್ಲಿ ಐದು ಮಂದಿ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕೆಂದು ಮಿಷನ್ ಹೇಳುತ್ತದೆ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧ ಸ್ಥಾನ ಮಹಿಳೆಯರದ್ದು. ಕಿಟ್‌ನಲ್ಲಿ ಫ್ಲೋರೈಡ್ ಪರೀಕ್ಷೆ ಕಷ್ಟದ್ದಲ್ಲ: ನೀರಿಗೆ ದ್ರಾವಣದ ಹನಿ ಹಾಕಿ, ಬಂದ ಬಣ್ಣವನ್ನು ಕಾರ್ಡಿನ ಬಣ್ಣಕ್ಕೆ ಹೋಲಿಸುವುದು. ಮಿತಿ ಮೀರಿದ್ದು ಕಂಡರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಇಳಕಲ್, ಹುನಗುಂದ ಭಾಗದ ಊರುಗಳಿಗೆ ಇದು ಬಹಳ ಮುಖ್ಯ.

ಪಂಚಾಯ್ತಿಗಳು ಮುಂದಿನ ವರ್ಷದ ಯೋಜನೆ ಮಾಡುವ ಕಾಲ ಪ್ರತಿ ವರ್ಷ ಅಕ್ಟೋಬರ್ 2ಕ್ಕೆ ಶುರುವಾಗುತ್ತದೆ. ವಾರ್ಡ್ ಸಭೆ, ಗ್ರಾಮಸಭೆ ಮುಗಿದು ಯೋಜನೆ ಇ-ಗ್ರಾಮಸ್ವರಾಜ್ ಪೋರ್ಟಲ್‌ಗೆ ಏರಿದ ಮೇಲೆ ಹೊಸ ಕೆಲಸ ಸೇರಿಸುವುದು ತ್ರಾಸದ ಕೆಲಸ. ಆ ಸಭೆಗೆ ಹೋಗುವವರು ಕೇಳಬಹುದಾದ ಕಾಗದಗಳು ಇಷ್ಟು: ಊರಿನ ನೀರು ಪರೀಕ್ಷೆಯ ಕೊನೆಯ ವರದಿ ಮತ್ತು ಅದರ ತಾರೀಖು, ‘ಹರ್ ಘರ್ ಜಲ್’ ಠರಾವಿನ ಪ್ರತಿ, ನೀರಿನ ಬಜೆಟ್ ಮಾಡಿದ್ದರೆ ಅದರ ಪ್ರತಿ, ಹಣಕಾಸು ಆಯೋಗದ ನೀರಿನ ಪಾಲಿನಲ್ಲಿ ಹೋದ ವರ್ಷ ಖರ್ಚಾದದ್ದು ಯಾವುದಕ್ಕೆ ಎಂಬ ವಿವರ. ನಾಲ್ಕೂ ಪಂಚಾಯ್ತಿ ಆಫೀಸಿನಲ್ಲೇ ಇರಬೇಕಾದ ಕಾಗದಗಳು.